ಬರ್ತೀನಿ ಎನ್ನದ ಹಾಡುಗಳು

ನನಗೆ ಹೊರಡಲು ಬರುವುದಿಲ್ಲ. ಕಾರು ಓಡಿಸಲೂ ಬರುವುದಿಲ್ಲ, ಆ ಕಥೆ ಆಮೇಲೆ. ಯಾರ ಮನೆಗೆ ಹೋದರೂ ‘ಬರ್ತೀನಿ’ ಎಂದು ಎದ್ದು, ಶೂ ಹಾಕಿಕೊಂಡು, ಬಾಗಿಲ ಹಿಡಿಕೆಗೆ ಕೈ ಹಾಕಿದ ಮೇಲೆಯೇ ನನಗೆ ಮುಖ್ಯವಾದ ವಿಷಯ ನೆನಪಾಗುವುದು. ಮೈಸೂರಿನಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ನಾವಿರುವ ಅಮೆರಿಕದ ಶ್ಯಾಂಟಿಲಿಯಲ್ಲಿ ಜನವರಿ ತಿಂಗಳು ಬಾಗಿಲು ತೆರೆದು ನಿಂತರೆ ಆ ಮನೆಯ ಹೀಟಿಂಗೆಲ್ಲ ಹೊರಗೆ ಹೋಗುತ್ತದೆ. “ಒಳಗೂ ಮಾತಾಡ್ತೀರ, ಹೊಸಲ ಮೇಲೂ ಮಾತಾಡ್ತೀರ. ಪಾಪ, ಆ ಬಾಗಿಲಿಗಾದ್ರೂ ಮುಚ್ಕೊಳ್ಳೋಕೆ ಬಿಡಿ ರೀ” ಎನ್ನುತ್ತಾಳೆ ನನ್ನ ಹೆಂಡತಿ ಪದ್ಮ.

ನಮ್ಮ ಕನ್ನಡ ಸಂಘದಲ್ಲಿ ವಂದನಾರ್ಪಣೆ ಯಾವಾಗಲೂ ನನ್ನದೇ. ‘ಎರಡು ಮಾತು’ ಎಂದು ಮೈಕು ಹಿಡಿಯುತ್ತೇನೆ. ಎರಡು ಎಂಬ ಸಂಖ್ಯೆಗೆ ನನ್ನಷ್ಟು ಅನ್ಯಾಯ ಮಾಡಿದವರು ಇನ್ನೊಬ್ಬರಿರಲಾರರು. ನಾನು ಮೈಕು ಹಿಡಿದದ್ದನ್ನು ನೋಡಿಯೇ ಅಡುಗೆಯ ಉಸ್ತುವಾರಿಯವರು ಬಿಸಿಬೇಳೆಬಾತನ್ನು ಒಲೆಗೆ ಏರಿಸುತ್ತಾರೆ ಎಂಬ ಮಾತೂ ಇದೆ.

ಇಂಥ ನನ್ನನ್ನು ದೇವರು ಗ್ರೆಗ್‌ನ ಕಾರಿನಲ್ಲಿ ಕೂರಿಸಿದ. ಗ್ರೆಗ್ ನಮ್ಮ ಆಫೀಸಿನ ಪ್ರೋಗ್ರಾಮರ್, ನಮ್ಮ ಮನೆಯಿಂದ ಎರಡು ಬೀದಿ ಆಚೆಯವನು. ಆಫೀಸು ಇದ್ದದ್ದು ಆರ್ಲಿಂಗ್ಟನ್ನಿನಲ್ಲಿ. ಬೆಳಗಿನ ಹೊತ್ತು ಹೈವೇಯ ಬೇಗ ಸಾಗುವ ಲೇನಿನಲ್ಲಿ ಹೋಗಬೇಕಾದರೆ ಕಾರಿನಲ್ಲಿ ಒಬ್ಬನೇ ಇರುವಂತಿಲ್ಲ, ಇನ್ನೊಂದು ತಲೆ ಬೇಕು. ಡ್ರೈವಿಂಗ್ ಟೆಸ್ಟಿನಲ್ಲಿ ಪ್ಯಾರಲಲ್ ಪಾರ್ಕಿಂಗ್ ಎಂಬ ಕಡೆಗೆ ಬಂದಾಗಲೆಲ್ಲ ಕಂಬಕ್ಕೆ ಗುದ್ದುತ್ತಿದ್ದ ನನಗೆ ಸವಾರಿ ಬೇಕು. ಹೀಗೆ ನಾನು ಅವನ ಕಾರಿನಲ್ಲಿ ಕಾನೂನು ಒಪ್ಪುವ ಒಂದು ತಲೆಯಾದೆ. ಆ ತಲೆಗೆ ಬಾಯಿಯೂ ಇದೆ ಎಂದು ಅವನಿಗೆ ಮೊದಲು ಯಾರೂ ಹೇಳಿರಲಿಲ್ಲ.

ಗ್ರೆಗ್ ಎಂಥವನೆಂದರೆ, ‘ಗುಡ್ ಮಾರ್ನಿಂಗ್’ನಲ್ಲಿ ಗುಡ್ ಅನ್ನು ಉಳಿಸಿಕೊಂಡು ಮಾರ್ನಿಂಗ್ ಮಾತ್ರ ಹೇಳುವವನು. ಕಾಲೇಜಿನ ದಿನಗಳಲ್ಲಿ ಯಾವುದೋ ಪಂಕ್ ಸಂಗೀತದ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ಮೊದಲನೇ ದಿನ ಕಾರು ಹತ್ತಿದ ಕೂಡಲೇ ಒಂದು ಕ್ಯಾಸೆಟ್ ಹಾಕಿದ. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ನಾಲ್ವರು ಹುಡುಗರು ಮಾಡಿದ ಮೊದಲ ಆಲ್ಬಮ್ ಅದು. ಹೆಸರು ಹೇಳುವುದಿಲ್ಲ. ಹೇಳಿದರೆ ಹೆಸರಿನ ವ್ಯುತ್ಪತ್ತಿಗೆ ಇಳಿದುಬಿಡುತ್ತೇನೆ, ನಿಮ್ಮ ಬಿಸಿಬೇಳೆಬಾತು ಆರಿಹೋಗುತ್ತದೆ.

ಗಿಟಾರು ಗರಗರ ಎಂದಿತು, ಒಬ್ಬ ಏನನ್ನೋ ಕೂಗಿದ, ತಟ್ಟನೆ ನಿಶ್ಶಬ್ದ. ನಾನು ಮಾತಾಡಲೆಂದು ಗ್ರೆಗ್ ಟೇಪು ನಿಲ್ಲಿಸಿದ ಎಂದುಕೊಂಡೆ. ಎಂಥ ಸಂಸ್ಕಾರವಂತ! ಸಂಕೋಚಪಟ್ಟುಕೊಂಡೇ ಶುರು ಮಾಡಿದೆ. ಅಷ್ಟರಲ್ಲಿ ಮತ್ತೆ ಗಿಟಾರು. ಅದೂ ತಟ್ಟನೆ ನಿಂತಿತು, ನಾನು ಬಿಟ್ಟಲ್ಲಿಂದ ಮುಂದುವರಿಸಿದೆ. ಹೀಗೆ ಶ್ಯಾಂಟಿಲಿಯಿಂದ ಬೆಲ್ಟ್‌ವೇ ಎಂಬ ವರ್ತುಲ ರಸ್ತೆಯವರೆಗೂ ನಾನೂ ಆ ಹುಡುಗರೂ ಸರದಿಯ ಮೇಲೆ ಮಾತಾಡಿದೆವು. ಅವರದು ಹತ್ತಾರು ಹಾಡು ಮುಗಿದವು. ನನ್ನದು ಒಂದು ವಾಕ್ಯವೂ ಮುಗಿಯಲಿಲ್ಲ.

ಕೊನೆಗೆ, “ನನಗೋಸ್ಕರ ಹೀಗೆ ಪದೇ ಪದೇ ಟೇಪ್ ನಿಲ್ಲಿಸಬೇಡ” ಎಂದೆ.

“ನಾನು ನಿಲ್ಲಿಸಲಿಲ್ಲ. ಹಾಡು ಮುಗೀತು.”

“ಅಷ್ಟೇನಾ?”

“ಅಷ್ಟೇ. ಹೇಳೋದು ಮುಗೀತು, ಹಾಡೂ ಮುಗೀತು.”

ನೀವೇ ಹೇಳಿ, ಇದನ್ನು ನಾನು ಹೇಗೆ ನಂಬಲಿ? ನಾನು ಬೆಳೆದದ್ದು ರಾಮನವಮಿಯ ಪೆಂಡಾಲಿನಲ್ಲಿ. ಅಲ್ಲಿ ವಿದ್ವಾಂಸರು ಒಂದು ಸಾಲು ಹಿಡಿದರೆಂದರೆ, ನಾವು ಎದ್ದು ಹೋಗಿ ಪಾನಕ ಕುಡಿದು, ಚಪ್ಪಲಿ ಇದೆಯೇ ಎಂದು ನೋಡಿಕೊಂಡು ಬಂದರೂ ಅದೇ ಸಾಲು ನಮಗಾಗಿ ಕಾದಿರುತ್ತಿತ್ತು. ಈ ಹುಡುಗರು ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಮಂಗಳವೇ ಆಗಿಹೋಗಿರುತ್ತಿತ್ತು. ಅವರ ಹಾಡು ಎದ್ದು ಹೋಗುವಾಗ ‘ಬರ್ತೀನಿ’ ಎಂದೂ ಹೇಳುವುದಿಲ್ಲ.

ಹಾಗೆಂದು ನಮ್ಮಲ್ಲಿ ಚುಟುಕು ಗೊತ್ತಿಲ್ಲವೆಂದಲ್ಲ. ಬೀಸುವ ಹೆಂಗಸರು ಮೂರೇ ಸಾಲಿನ ತ್ರಿಪದಿಯಲ್ಲಿ ತವರನ್ನೂ ಗಂಡನ ಮನೆಯನ್ನೂ ತೂಗಿಬಿಡುತ್ತಿದ್ದರು. ಹಿಂದಿನವರು ಒಂದು ಸಾಲಿನ ಸೂತ್ರ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಆಮೇಲೆ ಬಂದವರು ಅದಕ್ಕೆ ಭಾಷ್ಯ ಬರೆದರು, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ. ನಮ್ಮ ವಂಶ ಟಿಪ್ಪಣಿಯ ಕಡೆಯದು.

ಎರಡು ವರ್ಷ ಹೀಗೇ ನಡೆಯಿತು. ನಡುವೆ ಒಮ್ಮೆ ನನ್ನ ಪ್ರಾಜೆಕ್ಟ್ ಮುಗಿದು, ಕಂಪನಿಯವರು ನನ್ನನ್ನು ಮನೆಯಲ್ಲಿ ಕೂರಿಸಿದರು. ಕೆಲಸವಿದ್ದರಷ್ಟೇ ಉಳಿಯಬಹುದಾದ ವೀಸಾದ ಮೇಲೆ ಬಂದವನಿಗೆ ಕೆಲಸವಿಲ್ಲದೆ ಕೂರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪಣಿಯ ವಂಶದ ನನಗೆ ಮೊದಲ ಬಾರಿ ಬಾಯಿ ಕಟ್ಟಿತು. ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಗ್ರೆಗ್‌ನ ಹಾರ್ನ್ ಕೇಳಿಸಿತು. ಹೊರಗೆ ಹೋಗಿ, ನನಗೆ ಈಗ ಆಫೀಸಿಲ್ಲ ಎಂದೆ. “ಗೊತ್ತು. ಲೇನಿಗೆ ತಲೆ ಬೇಕು, ಹತ್ತು” ಎಂದ. ಆರ್ಲಿಂಗ್ಟನ್ನಿನ ಲೈಬ್ರರಿಯ ಮುಂದೆ ಇಳಿಸಿದ, ಸಂಜೆ ಅಲ್ಲಿಂದಲೇ ಹತ್ತಿಸಿಕೊಂಡ. ಮೂರು ವಾರ, ನನಗೆ ಆರ್ಲಿಂಗ್ಟನ್ನಿನಲ್ಲೇ ಬೇರೆ ಕೆಲಸ ಸಿಗುವವರೆಗೂ, ದಿನಾ ಹೀಗೆಯೇ. ಮನೆಯಲ್ಲಿ ಕೂತಿದ್ದರೆ ನಾನು ಕುಸಿದುಹೋಗುತ್ತಿದ್ದೆ. ಅದು ಅವನಿಗೆ ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಒಂದು ದಿನ ಬೆಲ್ಟ್‌ವೇ ಹತ್ತಿರ, ಎರಡು ಹಾಡುಗಳ ನಡುವೆ, ಗ್ರೆಗ್ “ಅಲ್ಫರೆಟಾ. ಅಟ್ಲಾಂಟಾ ಪಕ್ಕ. ಮುಂದಿನ ತಿಂಗಳು” ಎಂದ. ಬೇರೆ ಕೆಲಸ ಹಿಡಿದಿದ್ದ. ಮುಂದಿನ ಹಾಡು ಶುರುವಾಯಿತು. ನನ್ನ ಸವಾರಿ ಹೋಯಿತಲ್ಲ ಎಂಬ ಯೋಚನೆ ಆಫೀಸು ಮುಟ್ಟುವ ತನಕ ಬರಲೇ ಇಲ್ಲ. ಈ ದೇಶದಲ್ಲಿ ನನಗಿದ್ದ ಒಬ್ಬ ಸ್ನೇಹಿತ ಹೋಗುತ್ತಾನೆ ಎಂಬುದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಅವನನ್ನು ಅವನಿಗೆ ಒಪ್ಪುವ ಹಾಗೆ ಬೀಳ್ಕೊಡಬೇಕು ಎಂದು ತೀರ್ಮಾನಿಸಿದೆ. ಅಂದರೆ ಚುಟುಕಾಗಿ. ಅಭ್ಯಾಸಕ್ಕೆಂದು ಯುಗಾದಿಯ ಕಾರ್ಯಕ್ರಮದಲ್ಲಿ, “ಎಲ್ಲರಿಗೂ ವಂದನೆಗಳು” ಎಂದು ಮೈಕು ಕೆಳಗಿಟ್ಟೆ. ಸಭೆ ಕದಲಲಿಲ್ಲ. ಅನ್ನ ಇನ್ನೂ ಬೆಂದಿರಲಿಲ್ಲ. “ಅಂಕಲ್‌ಗೆ ಹುಷಾರಿಲ್ವಾ?” ಎಂದು ಯಾರೋ ಪದ್ಮಳನ್ನು ಕೇಳಿದರಂತೆ. ನೂರು ಒಬ್ಬಟ್ಟು ತಟ್ಟಿದ ಹೆಂಗಸೊಬ್ಬರು ತಮ್ಮ ಹೆಸರು ಬಾರದ್ದಕ್ಕೆ ನನಗೆ ಬಡಿಸದೆಯೇ ಮುಂದೆ ಹೋದರು. ನನಗೆ ಮಾತ್ರ ಆಲ್ಬಮ್ ಮಾಡಿದಷ್ಟು ಹೆಮ್ಮೆ.

ಕೊನೆಯ ಸಂಜೆ ಗ್ರೆಗ್ ನನ್ನನ್ನು ಮನೆಯ ಮುಂದೆ ಇಳಿಸಿದ. “ಥ್ಯಾಂಕ್ಸ್, ಗ್ರೆಗ್. ಡ್ರೈವ್ ಸೇಫ್” ಎಂದು ಕೈ ಕುಲುಕಿ, ಹಿಂತಿರುಗಿ ನೋಡದೆ ಒಳಗೆ ಬಂದೆ. ನನ್ನದು ಗೆದ್ದವನ ನಡಿಗೆ.

“ಮುಗೀತಾ?” ಎಂದಳು ಪದ್ಮ.

“ಮುಗೀತು. ಎರಡೇ ಮಾತು.”

ಇಷ್ಟು ವರ್ಷ ಬಾಗಿಲು ಮುಚ್ಚಿ ಎಂದು ಗೋಗರೆದವಳು ನನ್ನನ್ನೇ ನೋಡಿದಳು. “ಮೂರು ವಾರ ಸುಮ್ಮನೆ ಕರ್ಕೊಂಡು ಹೋದವರಿಗೆ ಎರಡೇ ಮಾತಾ ರೀ?” ಎಂದು ಕಿಟಕಿಯ ಕಡೆ ತಿರುಗಿದಳು. “ನೋಡಿ, ಅವರು ಹೋಗೇ ಇಲ್ಲ.”

ಕಾರು ಅಲ್ಲೇ ನಿಂತಿತ್ತು. ನಾನು ಸಾಕ್ಸಿನಲ್ಲೇ ಹೊರಗೆ ಓಡಿದೆ. ಗ್ರೆಗ್ ಕಿಟಕಿ ಇಳಿಸಿ ಕೂತಿದ್ದ, ಒಳಗೆ ಆ ಹುಡುಗರು ಕೂಗುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಷ್ಟೇನಾ?” ಎಂದ.

ಎರಡು ವರ್ಷ ಇವನು ನನ್ನನ್ನು ಸಹಿಸಿಕೊಂಡ ಎಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದ ಇಲ್ಲ. ಇವನು ಕೇಳಿಸಿಕೊಳ್ಳುತ್ತಿದ್ದ.

ಕಾರಿನ ಬಾಗಿಲ ಮೇಲೆ ಮೊಣಕೈ ಊರಿದೆ.

“ಎರಡು ಮಾತು” ಎಂದೆ.

ಗ್ರೆಗ್ ಕೈ ಚಾಚಿ ಟೇಪು ನಿಲ್ಲಿಸಿದ. ಹಾಡು ಅರ್ಧದಲ್ಲಿತ್ತು. ಈ ಸಲ ನಿಲ್ಲಿಸಿದ್ದು ಅವನೇ, ನನಗೋಸ್ಕರವೇ.