ಉಸಿರಿಗೂ ಹರಿಯುವ ಪೊರೆ

ಬೆಳಗಿನ ಐದೂಕಾಲು. ಮೂರು ಮಹಡಿಯ ಸಂಶೋಧನಾಲಯದಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ನೀರು ತುಂಬಿದ ಅಗಲವಾದ ಗಾಜಿನ ತಟ್ಟೆಯ ಮುಂದೆ ಗಾಜಕ್ಕ ನಿಂತಿದ್ದಾರೆ. ಬೆರಳುದ್ದದ ಗಾಜಿನ ಪಟ್ಟಿಯನ್ನು ಚಿಮ್ಮಟದಲ್ಲಿ ಹಿಡಿದು ಓರೆಯಾಗಿ ನೀರಿಗಿಳಿಸುತ್ತಾರೆ. ಗಾಜು ಮುಳುಗುತ್ತದೆ, ಅದರ ಮೈಗಂಟಿದ್ದ ಪಾಲಿಮರ್ ಪೊರೆ ಮಾತ್ರ ಬಿಡಿಸಿಕೊಂಡು ತೇಲುತ್ತದೆ. ತಲೆಗೂದಲಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪ. ಬೆಳಕು ಓರೆಯಾಗಿ ಬಿದ್ದರೆ ಕಂಡೀತು. ಅದರಡಿ ತಂತಿಯ ಬಳೆ ತೂರಿಸಿ, ಉಸಿರು ಬಿಗಿಹಿಡಿದು ಮೇಲೆತ್ತುತ್ತಾರೆ. ಪೊರೆ ಬಳೆಯಲ್ಲಿ ನಿಂತ ಮೇಲೆಯೇ ಉಸಿರು ಬಿಡುವುದು, ಅದೂ ಮುಖ ತಿರುಗಿಸಿ.

ಸುಟ್ಟಗಾಯದ ಮೇಲೆ ಯಾವ ಅಂಟೂ ಇಲ್ಲದೆ ಕೂರುವ, ಔಷಧದ ಲೇಪವಿರುವ ಪೊರೆ ಇದು. ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ನಡೆಯುತ್ತಿದೆ. ದಿನಕ್ಕೆ ನಲವತ್ತು ಎತ್ತುತ್ತಾರೆ. ಮೂವತ್ತು ಉಳಿದರೆ ಒಳ್ಳೆಯ ದಿನ. ಎಂಟಕ್ಕೆ ಜನ ಬಂದು ಲಿಫ್ಟ್ ಓಡಾಡಿದರೆ ನೀರು ನಡುಗುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಉಳಿದವರು ಒಳಬರುವ ಹೊತ್ತಿಗೆ ಇವರು ಗಾಜು ತೊಳೆಯುವ ಹಿಂಕೋಣೆ ಸೇರಿರುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಅವರು ಸೇರಿದ್ದೂ ಗಾಜು ತೊಳೆಯುವುದಕ್ಕೇ. ಗಾಜಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ. "ಎಲ್ರೂ ಎತ್ತೋಕೆ ಹೋಗಿ ಹರಿದುಹಾಕ್ತಿದ್ರು. ನಾನು ಸುಮ್ನೆ ನೋಡಿದ್ದೆ, ಎತ್ತಿದೆ, ಬಂತು," ಎನ್ನುತ್ತಾರೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಎರಡು ಕೋಣೆಯ ಮನೆಯಲ್ಲಿ ಒಬ್ಬರೇ. ಭಾನುವಾರ ತಂಗಿ ಫೋನ್ ಮಾಡಿ, "ಅಕ್ಕಾ, ಇದ್ದೀಯಾ? ಲೈನ್ ಕಟ್ಟಾಯ್ತಾ?" ಎಂದು ನಡುನಡುವೆ ಕೇಳುತ್ತಿರುತ್ತಾಳಂತೆ. "ಬಾಯಿ ಮುಚ್ಕೊಂಡಿರೋದಕ್ಕೇ ಸಂಬಳ ಕೊಡ್ತಾರೆ ಕಣೇ ಅಂತೀನಿ," ಎಂದು ನಗುತ್ತಾರೆ. ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಪೊರೆಗಳಲ್ಲಿ ಇದ್ದಕ್ಕಿದ್ದಂತೆ ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಂಡವು. ಎತ್ತಿದ್ದೆಲ್ಲ ಹರಿಯಿತು. ಎರಡು ತಿಂಗಳು ನೋಡಿದ ವಿಭಾಗದ ಮುಖ್ಯಸ್ಥರು, "ವಯಸ್ಸಾಯ್ತಲ್ಲಮ್ಮ, ಕೈ ನಡುಗ್ತಿರ್ಬೇಕು. ಸ್ಟೋರ್‌ಗೆ ಹೋಗ್ಬಿಡಿ," ಎಂದರು. ಗಾಜಕ್ಕ ವಾದ ಮಾಡಲಿಲ್ಲ. ಹದಿನೈದು ದಿನದ ಗಡುವು ಕೇಳಿದರು. ದಿನಕ್ಕೊಂದನ್ನು ಬದಲಾಯಿಸುತ್ತ ಹೋದರು: ನೀರು, ಸೋಪು, ತಟ್ಟೆ, ತಂತಿ. ಹನ್ನೊಂದನೆಯ ದಿನ, ಈಚೆಗೆ ಬಂದಿದ್ದ ಹೊಸ ಬಗೆಯ ಕೈಗವಸು ಬಿಟ್ಟು, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗವಸು ತೊಟ್ಟು ಗಾಜು ತೊಳೆದರು. ಮರುದಿನ ಒಂದು ಪೊರೆಯಲ್ಲೂ ತೂತಿರಲಿಲ್ಲ. ಹೊಸ ಗವಸಿನ ಎಣ್ಣೆಪಸೆ ಗಾಜಿಗೆ ಹತ್ತಿ ತೂತು ಬೀಳಿಸುತ್ತಿತ್ತು.

ಎರಡೂ ಬಗೆಯ ಪೊರೆಯನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಮುಖ್ಯಸ್ಥರು ಬಹಳ ಹೊತ್ತು ಬಗ್ಗಿ ನೋಡಿದರಂತೆ. ಕ್ಷಮೆ ಕೇಳಿದರೇ?

"ಇಲ್ಲಪ್ಪ. ಕುರ್ಚಿ ಎಳೆದುಕೊಟ್ರು. ಅಷ್ಟು ವರ್ಷದಲ್ಲಿ ಅವರ ರೂಮಲ್ಲಿ ನಾನು ಕೂತಿದ್ದು ಅವತ್ತೇ."

ಈ ಪೊರೆಯ ಸಂಶೋಧನಾ ಪ್ರಬಂಧ ಹನ್ನೊಂದು ಜನರ ಹೆಸರಿನಲ್ಲಿ ಅಚ್ಚಾಗಿದೆ. ಗಾಜಕ್ಕನ ಹೆಸರಿಲ್ಲ. ಕೇಳಿದರೆ ಭುಜ ಕುಣಿಸುತ್ತಾರೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಕಲಿಯಲು ಬಂದ ಮೂವರೂ ವಾರಕ್ಕೇ ಬೇಸತ್ತು ಹೋದರು.

ಏನಾದರೂ ಆಸೆ ಇದೆಯೇ ಎಂದರೆ ಒದ್ದೆ ಕೈಯನ್ನು ನಿಧಾನವಾಗಿ ಒರೆಸಿಕೊಳ್ಳುತ್ತಾರೆ.

"ಯಾರಿಗಾದ್ರೂ ಗಾಯ ವಾಸಿಯಾಗಿದ್ರೆ ಆ ಜಾಗ ಒಂದ್ಸಲ ಮುಟ್ಟಿ ನೋಡ್ಬೇಕು. ಬೆರಳು ತಾಗಿದ್ರೆ ಹರಿಯುತ್ತಲ್ಲ, ನಾನು ಮಾಡಿದ್ದನ್ನ ಇವತ್ತಿನವರೆಗೂ ನಾನೇ ಮುಟ್ಟಿಲ್ಲ."