ಇಂದ್ರಾಬಾಯಿಯ ಕುಣಿಮಗ್ಗ

ಇಳಕಲ್ಲಿನ ಇಂದ್ರಾಬಾಯಿ ಸುಮ್ಮನೆ ಕೂತದ್ದನ್ನು ಓಣಿಯವರು ಯಾರೂ ಕಂಡಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಮಗ್ಗಕ್ಕೆ ತಾನೇ ಕೂತು, ಸೀರೆ ನೇಯ್ದು ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಊಟಕ್ಕೆ ಕರೆದರೂ ಕಿವಿ ಕೇಳುತ್ತಿರಲಿಲ್ಲ. ಅಂಥವಳನ್ನು, ಕೂಡಲಸಂಗಮದಿಂದ ಬರುವಾಗ ಮಗುಚಿದ ಟಂಟಂ ಆಟೋ ಅಂಗಾತ ಮಲಗಿಸಿಬಿಟ್ಟಿತು.

ಮುರಿದದ್ದು ಸೊಂಟದ ಕೆಳಗಿನ ಬಳೆಯಂಥ ಎಲುಬು, ಅದೂ ಎರಡು ಕಡೆ. ಬಾಗಲಕೋಟೆಯ ದವಾಖಾನೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ನಿಜವಾದ ನರಕ ಶುರುವಾದದ್ದು ಮನೆಗೆ ಬಂದ ಮೇಲೆ. ಮಗ್ಗುಲು ಬದಲಿಸಲು ಮಗ, ಸೊಸೆ ಇಬ್ಬರೂ ಬೇಕು. ಎಲ್ಲವೂ ಹಾಸಿಗೆಯಲ್ಲೇ. ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ದುಡಿಯುವ ಮಗ ವಿಜಯಮಹಾಂತೇಶ ಒಂದು ದಿನವೂ ಮುಖ ಸಿಂಡರಿಸದೆ ಅವಳನ್ನು ತೊಳೆದ, ಒರೆಸಿದ. ಎಲುಬಿನ ನೋವಿಗಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು. ಸತ್ತಿದ್ದರೆ ಚೆನ್ನಾಗಿತ್ತು ಎಂದು ಮುಖಕ್ಕೆ ಸೆರಗೆಳೆದುಕೊಂಡು ಅತ್ತಳು.

ಮತ್ತೆ ನೇಯಬೇಕು ಎಂಬ ಆಸೆಯೊಂದೇ ಅವಳನ್ನು ಬದುಕಿಸಿತು. ವ್ಯಾಯಾಮಕ್ಕೆಂದು ಪಾದ ಒತ್ತಲು ಹೇಳಿದ್ದರೆ, ಇವಳು ಮಗ್ಗ ತುಳಿದಂತೆ ಎಡ, ಬಲ ಎಂದು ಒತ್ತುತ್ತಿದ್ದಳು. ಮಗ ಬೈದಾನೆಂದು ಆ ಆಸೆಯನ್ನು ಹೇಳಲಿಲ್ಲ, ಅಷ್ಟೆ. ಅವನೋ, ‘ನೆಲದ ಮೇಲೆ ಕೂಡಿಸಬೇಡಿ’ ಎಂದು ದವಾಖಾನೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದನ್ನು ಆಯುಷ್ಯಪೂರ್ತಿಯ ಮಾತೆಂದೇ ಹಿಡಿದುಕೊಂಡಿದ್ದ. ಒಂದೇ ಸೂರಿನಡಿ ಉಂಡು ಮಲಗುವ ಇಬ್ಬರಿಗೂ ಬಾಯಿಬಿಟ್ಟು ಕೇಳುವ ಬುದ್ಧಿ ಬರಲಿಲ್ಲವಲ್ಲ ಎಂದು ಕಂಡವರಿಗೆ ಈಗಲೂ ಸಿಟ್ಟು ಬರುತ್ತದೆ.

ವಾಕರ್ ಹಿಡಿದು ಓಡಾಡುವಂತಾದ ಮೇಲೆ ಸೊಸೆ ಐಶ್ವರ್ಯಳ ಜೊತೆ ತಪಾಸಣೆಗೆ ಹೋದಳು. ಎಲುಬು ಕೂಡಿದೆ ಎಂದರು ಡಾಕ್ಟರು. ಇಂದ್ರಾಬಾಯಿ ಅಂಜುತ್ತಲೇ ಮಗ್ಗದ ಮಾತು ತೆಗೆದಳು. ಕಾಲು ಮಡಚುವುದಲ್ಲ, ಕುಣಿಯಲ್ಲಿ ಇಳಿಬಿಡುವುದು ಎಂದು ವಿವರಿಸಿದಾಗ, ಕುರ್ಚಿಯಲ್ಲಿ ಕೂತಂತೆಯೇ ಆಯಿತಲ್ಲ, ಯಾರಾದರೂ ಹಿಡಿದು ಇಳಿಸಲಿ, ಸ್ವಲ್ಪಸ್ವಲ್ಪವೇ ಶುರು ಮಾಡಿ ಎಂದು ಒಪ್ಪಿಕೊಂಡರು.

ಮನೆಯಲ್ಲಿ ಗಂಡ ಏನು ನಡೆಸಿದ್ದಾನೆಂದು ಐಶ್ವರ್ಯಳಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮರೆಗೆ ಹೋಗಿ ಫೋನ್ ಹಚ್ಚಿದಳು, ಅವನು ಎತ್ತಲಿಲ್ಲ. ಹುನಗುಂದ ದಾಟಿದರೂ ಅತ್ತೆಯ ಬಾಯಿ ನಿಲ್ಲಲಿಲ್ಲ. ಮೊದಲ ಸೀರೆಗೆ ಯಾವ ಬಣ್ಣ, ಯಾವ ಅಂಚು ಎಂದು ಸೊಸೆಯನ್ನೇ ಕೇಳುತ್ತಿದ್ದಳು.

ಮನೆಯೊಳಗೆ ಹಸಿ ಸಿಮೆಂಟಿನ ವಾಸನೆ. ಮಗ್ಗವನ್ನು ಬಿಚ್ಚಿ ಯಾರಿಗೋ ಕೊಟ್ಟಾಗಿತ್ತು. ಕುಣಿಗೆ ಕಲ್ಲು, ಮಣ್ಣು ತುಂಬಿ, ಮೇಲೆ ಹೊಳೆಯುವ ಕೆಂಪು ಗ್ರಾನೈಟ್ ಹಾಸಿದ್ದ ಮಗ. ರಜೆ ಹಾಕಿ, ತಾನೇ ಕೈಯಾರೆ ಮಾಡಿದ ಕೆಲಸ.

“ಅವ್ವಾ, ಇನ್ನ ಮ್ಯಾಲೆ ನೀ ಕುಣಿಗೆ ಇಳಿಯೂದು ಬ್ಯಾಡ. ಭಾಳ ದುಡಿದಿ,” ಎಂದ ವಿಜಯಮಹಾಂತೇಶ.

ಡಾಕ್ಟರು ಹೇಳಿದ್ದನ್ನು ತಿಳಿಸಲು ಐಶ್ವರ್ಯ ಬಾಯಿ ತೆರೆದಳು. ಇಂದ್ರಾಬಾಯಿ ಅವಳ ಮುಂಗೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು. ಎದೆ ಒಡೆದುಹೋಗಿತ್ತು. ಆದರೆ ತನ್ನ ಹೊಲಸು ತೊಳೆದ ಕೈಗೆ ಏನೆಂದು ಬೈಯುವುದು?

“ಎಲುಬು ಕೂಡ್ಯಾವಂತಪ್ಪಾ. ಚಲೋ ಮಾಡಿದಿ,” ಎಂದಳು.

ವಾಕರ್ ಬದಿಗಿಟ್ಟು, ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ತೋರಿಸಿದಳು. ಅವ್ವ ಆಸರೆಯಿಲ್ಲದೆ ನಡೆದದ್ದನ್ನು ಕಂಡು ಮಗ ಸಂತೋಷಕ್ಕೆ ಅತ್ತುಬಿಟ್ಟ. ಅವಳೂ ಅತ್ತಳು. ಅವ್ವನೂ ಸಂತೋಷಕ್ಕೇ ಅಳುತ್ತಿದ್ದಾಳೆ ಎಂದುಕೊಂಡ.