ನರಸಮ್ಮನ ಹೆಬ್ಬೆರಳು

ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿಡಬೇಡಿ, ಬ್ಯಾಂಕಿನಲ್ಲಿಡಿ ಅಂತ ಊರೂರು ತಿರುಗಿ ಹೆಂಗಸರಿಗೆ ಹೇಳುವುದೇ ನನ್ನ ಕೆಲಸ. ಕೊಡಿಗೇನಹಳ್ಳಿ ಕಡೆ ನನ್ನ ಮಾತು ನಂಬಿ ಮೊದಲು ಖಾತೆ ತೆರೆದವಳು ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುವ ನರಸಮ್ಮ. ಮಗಳನ್ನು ಹೆರಿಗೆಗೆ ಮಧುಗಿರಿ ಆಸ್ಪತ್ರೆಗೆ ಸೇರಿಸಿದ ದಿನ, ದುಡ್ಡು ತೆಗೆಯಲು ಅವಳ ಜೊತೆ ನಾನೂ ಹೋದೆ.

ಭಾನುವಾರ, ಬ್ಯಾಂಕಿಗೆ ಬೀಗ. ಬೆರಳೊತ್ತಿಸಿಕೊಂಡು ದುಡ್ಡು ಕೊಡುವ ಅಂಗಡಿಯವನು ಮಿಷನ್ನು ಮುಂದೆ ಹಿಡಿದ. ನರಸಮ್ಮ ಹೆಬ್ಬೆರಳೊತ್ತಿದಳು, ಸೆರಗಿಗೆ ಒರೆಸಿ ಮತ್ತೆ ಒತ್ತಿದಳು, ಉಳಿದ ಬೆರಳುಗಳನ್ನೂ ಒತ್ತಿದಳು. ಮಿಷನ್ನು ಒಂದನ್ನೂ ಒಪ್ಪಲಿಲ್ಲ.

"ಹುಳೀಗೆ ಗೆರೆಯೆಲ್ಲ ಸವೆದೋಗವೆ ಮೇಡಂ. ಹುಣಸೆಹಣ್ಣಿನ ಸೀಸನ್ನಾಗೆ ಇವ್ರದೆಲ್ಲ ಇಂಗೇಯ," ಅಂದ ಅವನು.

ನರಸಮ್ಮ ನನ್ನ ಕಡೆ ತಿರುಗಿದಳು. "ಡಬ್ಬಿ ಯಾವತ್ತೂ ನೀನ್ಯಾರು ಅಂತ ಕೇಳ್ನಿಲ್ಲ ಕಣಮ್ಮ. ಈಗ ಯಾವ ಬೆಳ್ಳ ಬ್ಯಾಂಕಿಗೆ ಮಡಿಕ್ಕಳ್ಲಿ, ಯಾವ ಬೆಳ್ಳಲ್ಲಿ ಹಣ್ಣು ಬಿಡಿಸ್ಲಿ, ಹೇಳು?"

ಅವಳು ಕಿವಿಯ ಓಲೆ ಬಿಚ್ಚಿಕೊಂಡು ಗಿರವಿ ಅಂಗಡಿಗೆ ನಡೆದಳು. ಅದಕ್ಕೆ ಭಾನುವಾರವೂ ಇಲ್ಲ, ಬೆರಳೂ ಬೇಡ.

ಮಾರನೇ ವಾರ ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಅದೇ ಬ್ಯಾಂಕಿನ ಪಾಠ ಮುಗಿಸಿ, ಖಾತೆ ತೆರೆಯುವವರು ಕೈಯೆತ್ತಿ ಅಂದೆ. ಎಲ್ಲರೂ ಎತ್ತಿದರು. ಬೆರಳುಗಳೆಲ್ಲ ಹುಣಸೆಹಣ್ಣಿನ ಬಣ್ಣಕ್ಕಿದ್ದವು.